ಬಾಣ ಒಳಗೆ ಹೋಗುವಾಗ ಆ ಮೊಟ್ಟೆ ಏನು ಮಾಡುತ್ತದೆ?

ಪೊನ್ನಂಪೇಟೆ_ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಪಿಯು ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಕಳೆದ ವಾರ ನರಕೋಶದ ಪಾಠ ನಡೆದಿತ್ತು. ಕಕ್ಕಡದ ಮಳೆ, ಹೆಂಚಿನ ಮೇಲೆ ಎಷ್ಟು ಸದ್ದು ಅಂದರೆ ಹಿಂದಿನ ಬೆಂಚಿಗೆ ನನ್ನ ಮಾತು ಕೇಳಿಸುತ್ತಲೇ ಇರಲಿಲ್ಲ. ಅದಕ್ಕೆ ಬೋರ್ಡಿನ ಮೇಲೆ ಚಿತ್ರ ಬರೆದೆ. ಎರಡು ನರಕೋಶ, ನಡುವೆ ಸಣ್ಣ ಸಂದು. ಒಂದು ಕೋಶ ಸೆರೊಟೋನಿನ್ ಎಂಬ ರಾಸಾಯನಿಕ ಸುರಿಯುತ್ತದೆ, ಆಚೆ ಕೋಶಕ್ಕೆ ಸುದ್ದಿ ಮುಟ್ಟುತ್ತದೆ, ಆಮೇಲೆ ಸುರಿದ ಕೋಶವೇ ಅದನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಆ ಎಳೆದುಕೊಳ್ಳುವ ಪ್ರೋಟೀನನ್ನು ಎಲ್ಲ ಪುಸ್ತಕದಲ್ಲೂ ಇರುವ ಹಾಗೆ ಪೊರೆಯ ನಡುವೆ ಒಂದು ಮೊಟ್ಟೆಯಾಗಿ ಬರೆದು, ಅದರ ಮೂಲಕ ಒಂದು ಬಾಣ ಎಳೆದೆ.

ಒಬ್ಬ ಹುಡುಗಿ ಎದ್ದು ನಿಂತಳು. 'ಮೇಡಂ, ಬಾಣ ಒಳಗೆ ಹೋಗುವಾಗ ಆ ಮೊಟ್ಟೆ ಏನು ಮಾಡುತ್ತದೆ?'

ನಾನು 'ಆಕಾರ ಬದಲಿಸುತ್ತದೆ' ಅಂದೆ. 'ಹೇಗೆ ಬದಲಿಸುತ್ತದೆ? ಯಾವಾಗ ಬದಲಿಸಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ?' ಅಂದಳು. ಹನ್ನೊಂದು ವರ್ಷದಿಂದ ಇದೇ ಚಿತ್ರ ಬರೆಯುತ್ತಿದ್ದೇನೆ, ನನಗೇ ಈ ಪ್ರಶ್ನೆ ಬಂದಿರಲಿಲ್ಲ. ಸೋಮವಾರ ಉತ್ತರ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ. ಪುಸ್ತಕದ ಸಾಲು ಬೇಡ, ಅದು ನನ್ನ ಹತ್ತಿರ ಇದೆ.

ರೊಬಸ್ಟಾ_ತೋಟ:

ನಾನು ಓದಿದ್ದು ಕಾಮರ್ಸ್. ಆದರೆ ಅದು ಪೈಪಿನ ಹಾಗೆ ಇರಬೇಕು ಅಲ್ವಾ? ವಾಲ್ವ್ ತೆರೆದರೆ ಹರಿಯುತ್ತದೆ, ಮುಚ್ಚಿದರೆ ನಿಲ್ಲುತ್ತದೆ.

ಗಾಳಿಬೀಡು:

ನಾನು ಬೆಂಗಳೂರಿನಲ್ಲಿ ಪ್ರೋಟೀನುಗಳ ರಚನೆ ಮೇಲೆಯೇ ಕೆಲಸ ಮಾಡುವವನು. ಊರು ಗಾಳಿಬೀಡು. ಈ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಆ ಹುಡುಗಿ ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ಅದರ ಹಿಂದೆ ವಿಜ್ಞಾನಿಗಳು ಐವತ್ತು ವರ್ಷಕ್ಕಿಂತ ಜಾಸ್ತಿ ಅಲೆದಿದ್ದಾರೆ.

ರೊಬಸ್ಟಾ ಅವರೇ, ಪೈಪಿನ ಹಾಗೆ ಇರುವ ಪ್ರೋಟೀನುಗಳೂ ಪೊರೆಯಲ್ಲಿ ಇವೆ. ಅವಕ್ಕೆ ಅಯಾನ್ ಚಾನೆಲ್ ಅನ್ನುತ್ತಾರೆ. ಬಾಗಿಲು ತೆರೆದರೆ ಸೆಕೆಂಡಿಗೆ ಕೋಟಿ ಲೆಕ್ಕದಲ್ಲಿ ಅಯಾನುಗಳು ನುಗ್ಗುತ್ತವೆ. ಆದರೆ ಸೆರೊಟೋನಿನ್ ಎಳೆದುಕೊಳ್ಳುವ ಪ್ರೋಟೀನು ಸೆಕೆಂಡಿಗೆ ಸಾಗಿಸುವುದು ಕೆಲವೇ ಕೆಲವು ಅಣುಗಳನ್ನು. ಈ ವ್ಯತ್ಯಾಸ ನೋಡಿದರೇ ಗೊತ್ತಾಗುತ್ತದೆ, ಇಲ್ಲಿ ಯಾವುದೂ ಹರಿಯುತ್ತಿಲ್ಲ. ಒಂದೊಂದೇ ಅಣುವನ್ನು ಹಿಡಿದು, ದಾಟಿಸಿ, ಬಿಟ್ಟು, ಮತ್ತೆ ಖಾಲಿ ಕೈಯಲ್ಲಿ ವಾಪಸ್ ಬರುತ್ತಿದೆ.

ಪೈಪ್ ಯಾಕೆ ಆಗುವುದಿಲ್ಲ ಅಂದರೆ, ಸಂದಿನಲ್ಲಿ ಸೆರೊಟೋನಿನ್ ಕಡಿಮೆ, ಕೋಶದ ಒಳಗೆ ಜಾಸ್ತಿ. ಎರಡೂ ಕಡೆ ತೆರೆದ ತೂತು ಇದ್ದರೆ ಒಳಗಿದ್ದದ್ದೇ ಹೊರಗೆ ಬಂದುಬಿಡುತ್ತದೆ. ಹಾಗಾಗಿ ಒಂದು ನಿಯಮ: ಎರಡು ಬಾಗಿಲೂ ಒಟ್ಟಿಗೆ ತೆರೆಯಬಾರದು.

ನಮ್ಮ ಹಳೆ ಮನೆಯಲ್ಲಿ ಗದ್ದೆಗೆ ಇಳಿಯುವ ದಾರಿಯಲ್ಲಿ ಎರಡು ಉಣುಗೋಲು ಇತ್ತು. ಮೇಲೊಂದು, ಕೆಳಗೊಂದು, ನಡುವೆ ಎರಡು ದನ ನಿಲ್ಲುವಷ್ಟು ಜಾಗ. ಮೇಲಿನ ಗಳ ಸರಿಸಿ ದನ ಒಳಗೆ ಬಿಡಬೇಕು. ಗಳ ವಾಪಸ್ ಹಾಕಬೇಕು. ಆಮೇಲೆಯೇ ಕೆಳಗಿನದು ತೆಗೆಯಬೇಕು. ಎರಡೂ ಒಟ್ಟಿಗೆ ತೆಗೆದರೆ ನಾಟಿ ಮಾಡಿದ ಗದ್ದೆ ಪೂರ್ತಿ ದನದ ಬಾಯಿಗೆ. ಅಜ್ಜಿ ಕೈಯಲ್ಲಿ ನಾನು ಒಂದೇ ಸಲ ಬೈಸಿಕೊಂಡದ್ದು, ಆ ತಪ್ಪಿಗೆ.

ಆ ಪ್ರೋಟೀನೂ ಹಾಗೆಯೇ. ಮೊದಲು ಹೊರಗೆ ಬಾಯಿ ತೆರೆದಿರುತ್ತದೆ. ಅಣು ಬಂದು ನಡುವೆ ಕೂರುತ್ತದೆ. ಹೊರಬಾಯಿ ಮುಚ್ಚುತ್ತದೆ. ಒಂದು ಕ್ಷಣ ಎರಡೂ ಕಡೆ ಬಂದ್, ಅಣು ಒಳಗೆ ಸಿಕ್ಕಿಕೊಂಡಿರುತ್ತದೆ. ಆಮೇಲೆ ಒಳಬಾಯಿ ತೆರೆಯುತ್ತದೆ. ಇದನ್ನು 1966ರಲ್ಲೇ ಓಲೆಗ್ ಯಾರ್ಡೆಟ್ಸ್ಕಿ ಎಂಬ ವಿಜ್ಞಾನಿ ಒಂದು ಪುಟ್ಟ ಲೇಖನದಲ್ಲಿ ಬರೆದಿಟ್ಟಿದ್ದರು. ಆಗ ಇಂಥ ಒಂದೇ ಒಂದು ಪ್ರೋಟೀನಿನ ಚಿತ್ರವೂ ಯಾರ ಹತ್ತಿರವೂ ಇರಲಿಲ್ಲ. ಸುಮ್ನೆ ಯೋಚಿಸಿಯೇ ಹೇಳಿದ್ದು. ಅದು ನಿಜ ಅಂತ ಕಣ್ಣಿಗೆ ಕಾಣಲು ಸುಮಾರು ನಲವತ್ತು ವರ್ಷ ಬೇಕಾಯಿತು.

ಹಾರಂಗಿ_ದಂಡೆ:

ನೀರಾವರಿ ಕೆಲಸದಲ್ಲಿ ಇದ್ದು ನಿವೃತ್ತನಾದವನು ನಾನು. ಉಣುಗೋಲು ಒಪ್ಪಿದೆ. ಆದರೆ ಒಂದು ಕೇಳಬೇಕು. ದನಕ್ಕೆ ಹುಲ್ಲಿನ ಆಸೆ, ಅದೇ ಇಳಿದು ಹೋಗುತ್ತದೆ. ಇಲ್ಲಿ ನೀವೇ ಹೇಳಿದಿರಿ, ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಹೋಗಬೇಕು ಅಂತ. ಇಳಿಜಾರಿನಲ್ಲಿ ಮೇಲಕ್ಕೆ ತಳ್ಳುವ ಕೆಲಸ. ಎರಡು ಗೇಟು ಇದ್ದ ಮಾತ್ರಕ್ಕೆ ನೀರು ಮೇಲಕ್ಕೆ ಹತ್ತುವುದಿಲ್ಲ. ತಳ್ಳುವವರು ಯಾರು?

ಗಾಳಿಬೀಡು:

ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ತಳ್ಳುವುದು ಸೋಡಿಯಂ.

ಹೊರಗೆ ಸೋಡಿಯಂ ಕೋಶದ ಒಳಗಿಗಿಂತ ಸುಮಾರು ಹತ್ತು ಪಟ್ಟು ಜಾಸ್ತಿ ಇರುತ್ತದೆ. ಒಳಗೆ ನುಗ್ಗಲು ಅದು ಕಾಯುತ್ತಾ ಇರುತ್ತದೆ. ಈ ಟ್ರಾನ್ಸ್‌ಪೋರ್ಟರ್, ಅಂದರೆ ಸಾಗಿಸುವ ಪ್ರೋಟೀನು, ಸೋಡಿಯಂಗೆ ದಾರಿ ಕೊಡುತ್ತದೆ, ಆದರೆ ಒಂದು ಷರತ್ತಿನ ಮೇಲೆ: ಜೊತೆಯಲ್ಲಿ ಸೆರೊಟೋನಿನ್ ಕರೆದುಕೊಂಡು ಬಂದರೆ ಮಾತ್ರ. ಡೋಪಮೈನ್ ಎಂಬ ಇಂಥದ್ದೇ ಇನ್ನೊಂದು ರಾಸಾಯನಿಕವನ್ನು ಎಳೆದುಕೊಳ್ಳುವ ಪ್ರೋಟೀನಿನಲ್ಲಿ ಒಂದು ಡೋಪಮೈನ್ ಜೊತೆ ಎರಡು ಸೋಡಿಯಂ, ಒಂದು ಕ್ಲೋರೈಡ್ ಬರುತ್ತವೆ. ಅಂದರೆ ಉಪ್ಪಿನ ಜೊತೆಯಲ್ಲೇ ಡೋಪಮೈನ್ ಮನೆಗೆ ಬರುತ್ತದೆ.

ಫೆಬ್ರವರಿ ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವುದು ನೆನಪು ಮಾಡಿಕೊಳ್ಳಿ. ಕೆರೆಯಿಂದ ಡೀಸೆಲ್ ಸುಟ್ಟು ಗುಡ್ಡದ ಮೇಲಿನ ಟ್ಯಾಂಕಿಗೆ ನೀರು ಏರಿಸಿಟ್ಟರೆ, ಆಮೇಲೆ ಅದು ಇಳಿಯುವ ರಭಸದಲ್ಲಿ ಬೇರೆ ಕೆಲಸ ಮಾಡಿಸಬಹುದು. ಕೋಶದಲ್ಲಿ ಆ ಪಂಪ್‌ಸೆಟ್ ಅಂದರೆ ಸೋಡಿಯಂ ಪೊಟ್ಯಾಷಿಯಂ ಪಂಪ್. ಕೋಶದ ಇಂಧನವಾದ ಎಟಿಪಿಯ ಒಂದು ಅಣು ಸುಟ್ಟು ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಷಿಯಂ ಒಳಗೆ ತರುತ್ತದೆ. 1957ರಲ್ಲಿ ಯೆನ್ಸ್ ಸ್ಕೋ ಅವರು ಏಡಿಯ ನರದಲ್ಲಿ ಇದನ್ನು ಕಂಡುಹಿಡಿದರು, ನೊಬೆಲ್ ಬಂದದ್ದು 1997ರಲ್ಲಿ. ನಮ್ಮ ಟ್ರಾನ್ಸ್‌ಪೋರ್ಟರ್ ತಾನು ಎಟಿಪಿ ಮುಟ್ಟುವುದೇ ಇಲ್ಲ. ಟ್ಯಾಂಕಿನಿಂದ ಇಳಿಯುವ ನೀರಿನ ಮೇಲೆಯೇ ಬದುಕುತ್ತದೆ.

ಪೊನ್ನಂಪೇಟೆ_ಟೀಚರ್:

ಇದು ಮಕ್ಕಳಿಗೆ ಖಂಡಿತ ಅರ್ಥವಾಗುತ್ತದೆ, ಅರ್ಧ ಕ್ಲಾಸಿಗೆ ಮನೆಯಲ್ಲಿ ಸ್ಪ್ರಿಂಕ್ಲರ್ ಇದೆ. ಆದರೆ ಅವಳ ಪ್ರಶ್ನೆ ಇನ್ನೂ ಹಾಗೆಯೇ ನಿಂತಿದೆ. ಉಣುಗೋಲಿನ ಗಳ ಸರಿಸಲು ಅಲ್ಲಿ ನೀವು ಇದ್ದಿರಿ. ಇಲ್ಲಿ ಸರಿಸುವುದು ಯಾರು? ಪ್ರೋಟೀನಿನ ಯಾವ ಭಾಗ, ಎಲ್ಲಿಂದ ಎಲ್ಲಿಗೆ ಸರಿಯುತ್ತದೆ?

ಗಾಳಿಬೀಡು:

ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ನಮ್ಮ ಮಿದುಳಿನ ಟ್ರಾನ್ಸ್‌ಪೋರ್ಟರ್‌ಗಳು ಪೊರೆಯಿಂದ ಹೊರಗೆ ತೆಗೆದ ಕೂಡಲೇ ಹಾಳಾಗುತ್ತವೆ. ಹರಳು ಮಾಡಿ ಎಕ್ಸ್-ರೇ ಹಾಯಿಸಿ ಚಿತ್ರ ತೆಗೆಯುವವರೆಗೆ ಆಗ ಉಳಿಯುತ್ತಿರಲಿಲ್ಲ. ಅದಕ್ಕೆ ವಿಜ್ಞಾನಿಗಳು ಬಿಸಿನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳ ಕಡೆ ಹೋದರು. ಅಕ್ವಿಫೆಕ್ಸ್ ಅಂತ ಒಂದು ಇದೆ, ಕುದಿಯುವುದಕ್ಕೆ ಸ್ವಲ್ಪವೇ ಕಡಿಮೆ ಬಿಸಿಯಲ್ಲಿ ಬೆಳೆಯುತ್ತದೆ. ಅದರ ಪ್ರೋಟೀನುಗಳು ಗಟ್ಟಿ. ಅದರಲ್ಲಿ ಲ್ಯೂಟಿ ಎಂಬ ಪ್ರೋಟೀನು ಇದೆ. ಅದು ಸಾಗಿಸುವುದು ಲ್ಯೂಸಿನ್ ಎಂಬ ಅಮೈನೋ ಆಮ್ಲ. ನೆಂಟಸ್ತಿಕೆಯಲ್ಲಿ ನಮ್ಮ ಸೆರೊಟೋನಿನ್, ಡೋಪಮೈನ್ ಟ್ರಾನ್ಸ್‌ಪೋರ್ಟರ್‌ಗಳ ಒಕ್ಕಕ್ಕೇ ಸೇರಿದ್ದು. 2005ರಲ್ಲಿ ಅಮೆರಿಕದ ಎರಿಕ್ ಗೌಔ ಅವರ ತಂಡ ಅದರ ಚಿತ್ರ ಹೊರಗೆ ತಂದಿತು. 1.65 ಆಂಗ್‌ಸ್ಟ್ರಾಮ್ ಸ್ಪಷ್ಟತೆ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಭಾಗ), ಹೆಚ್ಚು ಕಡಿಮೆ ಒಂದೊಂದು ಪರಮಾಣು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು.

ಅದರಲ್ಲಿ ಕಂಡದ್ದು ಇದು. ಪ್ರೋಟೀನಿನ ಸರಪಳಿ ಪೊರೆಯನ್ನು ಹನ್ನೆರಡು ಸಲ ದಾಟುತ್ತದೆ, ಪ್ರತಿ ಸಲವೂ ಸ್ಪ್ರಿಂಗಿನ ಹಾಗೆ ಸುರುಳಿ. ಹನ್ನೆರಡು ಕಂಬ ಅಂದುಕೊಳ್ಳಿ. ಲ್ಯೂಸಿನ್ ಪೊರೆಯ ಸರಿಯಾಗಿ ನಡುವೆ ಕೂತಿತ್ತು, ಪಕ್ಕದಲ್ಲಿ ಎರಡು ಸೋಡಿಯಂ. ಅಲ್ಲಿ ಒಂದನೇ ಮತ್ತು ಆರನೇ ಕಂಬಗಳ ಸುರುಳಿ ನಡುವೆ ಬಿಚ್ಚಿಕೊಂಡಿದೆ. ನೇರ ಕಂಬ ಬಾಗುವುದಿಲ್ಲ, ಬಿಚ್ಚಿದ ಜಾಗ ಬಾಗುತ್ತದೆ. ಅಲ್ಲೇ ಅಣುವನ್ನು ಹಿಡಿಯುವ ಕೈ, ಅಲ್ಲೇ ಬಾಗಿಲಿನ ಕೀಲು.

ಇನ್ನೊಂದು ವಿಷಯ ನನಗೆ ಇವತ್ತಿಗೂ ಮೈ ಜುಂ ಎನ್ನಿಸುತ್ತದೆ. ಒಂದರಿಂದ ಐದನೇ ಕಂಬದವರೆಗಿನ ಗುಂಪು, ಆರರಿಂದ ಹತ್ತರವರೆಗಿನ ಗುಂಪು, ಎರಡೂ ಒಂದೇ ವಿನ್ಯಾಸ. ಆದರೆ ಒಂದು ಇನ್ನೊಂದರ ತಲೆಕೆಳಗು. ಎರಡು ಕೈ ಎದುರುಬದುರು ಹಿಡಿದು ಒಂದರ ಬೆರಳು ಮೇಲಕ್ಕೆ, ಇನ್ನೊಂದರ ಬೆರಳು ಕೆಳಕ್ಕೆ ಮಾಡಿ ನೋಡಿ, ಹಾಗೆ. ಹೊರಗೆ ತೆರೆದಿರುವಾಗ ಮೊದಲ ಗುಂಪು ಒಂದು ಭಂಗಿಯಲ್ಲಿ ಇರುತ್ತದೆ, ಎರಡನೆಯದು ಇನ್ನೊಂದು ಭಂಗಿಯಲ್ಲಿ. ಎರಡೂ ಭಂಗಿ ಅದಲುಬದಲು ಮಾಡಿಕೊಂಡರೆ? ಅದೇ ಯಂತ್ರ ಒಳಗೆ ಬಾಯಿ ತೆರೆಯುತ್ತದೆ! ಲೂಸಿ ಫಾರೆಸ್ಟ್, ಗ್ಯಾರಿ ರಡ್ನಿಕ್ ಮತ್ತು ಜೊತೆಯವರು 2008ರಲ್ಲಿ ಇದನ್ನೇ ಕಂಪ್ಯೂಟರಿನಲ್ಲಿ ಮಾಡಿ, ಒಳಗೆ ತೆರೆದ ಆಕಾರ ಹೀಗಿರಬೇಕು ಅಂತ ಮೊದಲೇ ಹೇಳಿದರು. 2012ರಲ್ಲಿ ಗೌಔ ಅವರ ತಂಡ ಲ್ಯೂಟಿಯನ್ನು ಹೊರಗೆ ತೆರೆದ, ಒಳಗೆ ತೆರೆದ ಎರಡೂ ರೂಪದಲ್ಲಿ ಹಿಡಿದು ತೋರಿಸಿತು. ವಿವರದಲ್ಲಿ ವ್ಯತ್ಯಾಸ ಇತ್ತು, ಆದರೆ ತಳದ ಯೋಚನೆ ನಿಂತಿತು.

ಸರಿಯುವುದು ಯಾವುದು ಅಂದರೆ, 1, 2, 6, 7ನೇ ಕಂಬಗಳು ಒಂದು ಕಟ್ಟು. 3, 4, 8, 9 ಇನ್ನೊಂದು, ಅದು ಚೌಕಟ್ಟು. ಕಟ್ಟು ಚೌಕಟ್ಟಿಗೆ ಒರಗಿಕೊಂಡು ಓಲಾಡುತ್ತದೆ. ಒಳಗೆ ತೆರೆಯುವಾಗ ಒಂದನೇ ಕಂಬದ ಕೆಳಗಿನ ತುಂಡು ಸುಮಾರು 45 ಡಿಗ್ರಿ ಆಚೆ ಬಾಗುತ್ತದೆ.

ಈಗ 'ಅದಕ್ಕೆ ಹೇಗೆ ಗೊತ್ತಾಗುತ್ತದೆ' ಅನ್ನುವುದು. ಅದಕ್ಕೆ ಗೊತ್ತಾಗುವುದಿಲ್ಲ. ಈ ಅಳತೆಯಲ್ಲಿ ಯಾವುದೂ ಸುಮ್ನೆ ಕೂರುವುದಿಲ್ಲ. ಶಾಖಕ್ಕೆ ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಾ ಇರುತ್ತವೆ, ಪ್ರೋಟೀನು ಯಾವಾಗಲೂ ನಡುಗುತ್ತಾ, ಓಲಾಡುತ್ತಾ ಇರುತ್ತದೆ. ಯಾವ ಭಂಗಿಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ ಅನ್ನುವುದನ್ನು ಮಾತ್ರ ಅದರ ಹೊಟ್ಟೆಯಲ್ಲಿ ಕೂತದ್ದು ತೀರ್ಮಾನಿಸುತ್ತದೆ. ಒಂದು ಸೋಡಿಯಂ ಒಂದನೇ ಕಂಬವನ್ನೂ ಎಂಟನೇ ಕಂಬವನ್ನೂ ಹಿಡಿದು ಕಟ್ಟುತ್ತದೆ. ಅದು ಇದ್ದಾಗ ಒಳಬಾಯಿ ಬಿಗಿ, ಹೊರಬಾಯಿ ತೆರೆದು ಕಾಯುತ್ತದೆ. ಸೋಡಿಯಂ ಒಂದೇ ಬಂದರೆ ಅಲ್ಲಿಗೇ ನಿಂತುಬಿಡುತ್ತದೆ. ಜೊತೆಗೆ ಸರಿಯಾದ ಅಣು ಬಂದು ಕೂತಾಗ ಮಾತ್ರ ಹೊರಬಾಯಿ ಮುಚ್ಚುವುದು ಸುಲಭವಾಗುತ್ತದೆ. ಆಮೇಲೆ ಆ ಸೋಡಿಯಂ ಕೆಳಗಿನ ಕಡೆ ಜಾರಿಕೊಂಡರೆ, ಕೋಶದೊಳಗೆ ಸೋಡಿಯಂ ಕಡಿಮೆ ಇರುವುದರಿಂದ ಬೇಗ ವಾಪಸ್ ಬರುವುದಿಲ್ಲ. ಕಟ್ಟು ಬಿಚ್ಚಿತು. ಒಳಬಾಯಿ ತೆರೆಯಿತು. ಅಣು ಹೋಯಿತು.

ಗಳ ಸರಿಸುವವರು ಯಾರೂ ಇಲ್ಲ ಟೀಚರ್. ಗಾಳಿಗೆ ಗಳ ತಾನೇ ಅಲ್ಲಾಡುತ್ತಾ ಇದೆ, ಯಾವುದು ಬೀಳಬಾರದು ಅಂತ ಹಿಡಿದುಕೊಂಡಿರುವುದು ದನವೇ.

ಹಾರಂಗಿ_ದಂಡೆ:

ಇದನ್ನು ಮೂರು ಸಲ ಓದಿದೆ. ಕೊನೆಯ ಎರಡು ಸಾಲು ಹಾಳೆಯಲ್ಲಿ ಬರೆದಿಟ್ಟುಕೊಂಡೆ.

ರೊಬಸ್ಟಾ_ತೋಟ:

ಹಾಗಾದರೆ ಕಾಫಿ ಕುಡಿದಾಗ ನಿದ್ರೆ ಹೋಗುವುದೂ ಈ ಬಾಗಿಲು ಕಟ್ಟಿಕೊಳ್ಳುವುದರಿಂದಲೇ ಇರಬೇಕು. ನಮ್ಮ ರೊಬಸ್ಟಾದಲ್ಲಿ ಅರೇಬಿಕಾಗಿಂತ ಕೆಫೀನ್ ಸುಮಾರು ಎರಡು ಪಟ್ಟು.

ಔಷಧಿ_ಅಂಗಡಿ:

ಇಲ್ಲ, ಕೆಫೀನ್ ಬೇರೆ ದಾರಿ. ಅದು ಟ್ರಾನ್ಸ್‌ಪೋರ್ಟರ್ ಮುಟ್ಟುವುದಿಲ್ಲ, ರಿಸೆಪ್ಟರ್ ಮೇಲೆ ಕೂರುತ್ತದೆ. ಎಚ್ಚರ ಇದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ರಿಸೆಪ್ಟರ್‌ಗೆ ಕೂತರೆ ನಿದ್ರೆ ಎಳೆಯುತ್ತದೆ. ಕೆಫೀನ್ ಆ ಜಾಗದಲ್ಲಿ ಮೊದಲೇ ಹೋಗಿ ಕೂತಿರುತ್ತದೆ, ಅಷ್ಟೇ. ರಿಸೆಪ್ಟರ್ ಅಂದರೆ ಸುದ್ದಿ ಕೇಳುವ ಕಿವಿ. ಟ್ರಾನ್ಸ್‌ಪೋರ್ಟರ್ ಅಂದರೆ ಸುದ್ದಿ ಮುಗಿದ ಮೇಲೆ ಅಂಗಳ ಗುಡಿಸುವ ಕೈ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೂರನೆಯದೂ ಇದೆ, ತೋಟದವರಿಗೆ ಇದು ತಿಳಿದಿರಬೇಕು. ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸುದ್ದಿಯ ರಾಸಾಯನಿಕವನ್ನು ಹಾಗೇ ವಾಪಸ್ ಎಳೆದುಕೊಳ್ಳುವುದಿಲ್ಲ. ಸಂದಿನಲ್ಲೇ ಒಂದು ಕಿಣ್ವ ಅದನ್ನು ಕತ್ತರಿಸುತ್ತದೆ, ಆಮೇಲೆ ಕೋಲಿನ್ ತುಂಡನ್ನು ಮಾತ್ರ ಒಂದು ಟ್ರಾನ್ಸ್‌ಪೋರ್ಟರ್ ಒಳಗೆ ತರುತ್ತದೆ. ಕ್ಲೋರ್‌ಪೈರಿಫಾಸ್ ತರಹದ ಕೀಟನಾಶಕಗಳು ಹೊಡೆಯುವುದು ಆ ಕಿಣ್ವಕ್ಕೆ. ಮಾಸ್ಕ್, ಗ್ಲೌಸ್ ಇಲ್ಲದೆ ಸ್ಪ್ರೇ ಮಾಡಿ ಬಂದವರಿಗೆ ಬೆವರು, ಬಾಯಲ್ಲಿ ನೀರು, ವಾಂತಿ, ಕಣ್ಣಿನ ಪಾಪೆ ಸಣ್ಣ ಆಗುವುದು ಅದಕ್ಕೇ. ಹಾಗೆ ಕಂಡರೆ ಮಜ್ಜಿಗೆ ಕುಡಿಸಿ ಮಲಗಿಸಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಔಷಧಿಯ ಬಾಟಲಿಯೂ ಜೊತೆಯಲ್ಲಿ ಇರಲಿ.

ನಾಪೋಕ್ಲು_ಮಗಳು:

ನಾನು ಇಲ್ಲಿ ಯಾವತ್ತೂ ಬರೆದವಳಲ್ಲ, ಓದುತ್ತೇನೆ ಅಷ್ಟೇ. ಇವತ್ತು ಬರೆಯಬೇಕು ಅನ್ನಿಸಿತು.

2018ರ ಮಳೆಯಲ್ಲಿ ನಮ್ಮ ಮನೆಯ ಹಿಂದಿನ ಬರೆ ಕುಸಿಯಿತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಅಮ್ಮ ಆಮೇಲೆ ಮೊದಲಿನ ಹಾಗೆ ಆಗಲಿಲ್ಲ. ಮಳೆ ಸದ್ದು ಕೇಳಿದರೆ ಎದ್ದು ಕೂರುತ್ತಿದ್ದರು, ಊಟ ಬಿಟ್ಟರು, ಒಲೆ ಹಚ್ಚುವುದೂ ಬೇಡ ಅನ್ನುವ ಹಾಗಾಯಿತು. ಡಾಕ್ಟರು ಎಸ್ಸಿಟಾಲೋಪ್ರಾಮ್ ಎಂಬ ಖಿನ್ನತೆಯ ಮಾತ್ರೆ ಬರೆದುಕೊಟ್ಟರು. ಹೇಗೆ ಕೆಲಸ ಮಾಡುತ್ತದೆ, ಎಷ್ಟು ದಿನ ಬೇಕು ಅಂತ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಹತ್ತು ದಿನ ತೆಗೆದುಕೊಂಡು ಏನೂ ಬದಲಾಗಲಿಲ್ಲ ಅಂತ ಅಮ್ಮ ನಿಲ್ಲಿಸಿಬಿಟ್ಟರು. 'ತಲೆ ಮಾತ್ರೆ' ಅಂತ ನೆಂಟರ ಮಾತು ಬೇರೆ. ಮತ್ತೆ ಶುರು ಮಾಡಿಸಲು ಒಂದು ವರ್ಷ ಹೋಯಿತು. ಈಗ ಚೆನ್ನಾಗಿದ್ದಾರೆ. ಆ ಮಾತ್ರೆ ಈ ಬಾಗಿಲಿಗೆ ಏನು ಮಾಡುತ್ತದೆ ಅಂತ ಯಾರಾದರೂ ಹೇಳಬಹುದಾ? ಆ ಒಂದು ವರ್ಷ ನನಗೆ ಇನ್ನೂ ಮನಸ್ಸಿನಲ್ಲಿ ಉಳಿದಿದೆ.

ಗಾಳಿಬೀಡು:

ಅಮ್ಮ ಚೆನ್ನಾಗಿದ್ದಾರೆ ಅಂತ ಓದಿ ಸಮಾಧಾನವಾಯಿತು.

ಆ ಮಾತ್ರೆ ಏನು ಮಾಡುತ್ತದೆ ಅನ್ನುವುದು ಈಗ ಚಿತ್ರದಲ್ಲೇ ಕಾಣುತ್ತದೆ. 2016ರಲ್ಲಿ ಮನುಷ್ಯರ ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್‌ನ ರಚನೆ ಸಿಕ್ಕಿತು, ಅದರಲ್ಲಿ ಕೂತಿದ್ದ ಔಷಧಿಗಳಲ್ಲಿ ಒಂದು ನಿಮ್ಮ ಅಮ್ಮ ತೆಗೆದುಕೊಂಡದ್ದೇ. ಅದು ಸರಿಯಾಗಿ ಸೆರೊಟೋನಿನ್ ಕೂರುವ ಜಾಗದಲ್ಲಿ ಕೂತಿದೆ. ಆದರೆ ಅದರ ಆಕಾರ ದೊಡ್ಡದು, ಹೊರಬಾಯಿ ಪೂರ್ತಿ ಮುಚ್ಚಲು ಬಿಡುವುದಿಲ್ಲ. ಉಣುಗೋಲಿನ ನಡುವೆ ಅಡ್ಡ ಮರದ ದಿಮ್ಮಿ ಬಿದ್ದ ಹಾಗೆ. ಹೊರಬಾಯಿ ಮುಚ್ಚದೆ ಒಳಬಾಯಿ ತೆರೆಯುವುದಿಲ್ಲ, ಹಾಗಾಗಿ ಆ ಪ್ರೋಟೀನು ಹೊರಗೆ ಬಾಯಿ ತೆರೆದೇ ನಿಂತುಬಿಡುತ್ತದೆ. ಸಂದಿನಲ್ಲಿ ಇರುವ ಸೆರೊಟೋನಿನ್ ಸ್ವಲ್ಪ ಜಾಸ್ತಿ ಹೊತ್ತು ಅಲ್ಲೇ ಉಳಿಯುತ್ತದೆ. ಮಾತ್ರೆಯಲ್ಲಿ ಸೆರೊಟೋನಿನ್ ಇಲ್ಲ. ಹೊರಗಿನದ್ದು ಯಾವುದನ್ನೂ ಅದು ಮಿದುಳಿಗೆ ತುಂಬುವುದಿಲ್ಲ. ಅಮ್ಮನದೇ ಸೆರೊಟೋನಿನ್, ಅಮ್ಮನದೇ ನರಕೋಶ ಸುರಿದದ್ದು. ನೆಂಟರಿಗೆ ಬೇಕಾದರೆ ಇದನ್ನು ಹೇಳಿ.

ಬೇರೆ ಔಷಧಿಗಳೂ ಇದೇ ಬಾಗಿಲಿನ ಬೇರೆ ಬೇರೆ ಭಂಗಿ ಹಿಡಿಯುತ್ತವೆ. 2013ರಲ್ಲಿ ಹಣ್ಣಿನ ನೊಣದ ಡೋಪಮೈನ್ ಟ್ರಾನ್ಸ್‌ಪೋರ್ಟರ್‌ನಲ್ಲಿ ನಾರ್‌ಟ್ರಿಪ್ಟಿಲಿನ್ ಎಂಬ ಖಿನ್ನತೆಯ ಹಳೆಯ ಔಷಧಿ ಹೀಗೆಯೇ ಕೂತದ್ದನ್ನು ತೋರಿಸಿದ ಲೇಖನದ ಮೊದಲ ಹೆಸರು ಅರವಿಂದ್ ಪೆನ್ಮತ್ಸ ಅವರದು. ಅವರು ಈಗ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ಕುಟುಂಬದ ಪ್ರೋಟೀನುಗಳ ಮೇಲೆ ಲ್ಯಾಬ್ ನಡೆಸುತ್ತಾರೆ. ಟೀಚರ್, ನಿಮ್ಮ ಆ ಹುಡುಗಿಗೆ ಇದನ್ನು ತಪ್ಪದೆ ಹೇಳಿ. ಈ ಕೆಲಸ ಮಾಡಲು ಸಮುದ್ರ ದಾಟಲೇಬೇಕು ಅಂತ ಇಲ್ಲ.

ಔಷಧಿ_ಅಂಗಡಿ:

ದಿನಗಳ ಲೆಕ್ಕ ನಾನು ಹೇಳುತ್ತೇನೆ. ಬಾಗಿಲು ಸಿಕ್ಕಿಕೊಳ್ಳುವುದು ಮೊದಲ ಮಾತ್ರೆಯ ಕೆಲವೇ ಗಂಟೆಗಳಲ್ಲಿ. ಆದರೆ ಮನಸ್ಸು ಹಗುರಾಗಲು ಎರಡರಿಂದ ಆರು ವಾರ ಬೇಕಾಗಬಹುದು. ಮೊದಮೊದಲು ಸಂದಿನಲ್ಲಿ ಸೆರೊಟೋನಿನ್ ಜಾಸ್ತಿಯಾದದ್ದು ಕಂಡು, ಸುರಿಯುವ ನರಕೋಶವೇ ಸುರಿಯುವುದನ್ನು ಕಡಿಮೆ ಮಾಡುತ್ತದೆ. ವಾರಗಳು ಕಳೆದ ಹಾಗೆ ಆ ಕಡಿವಾಣ ಸಡಿಲವಾಗುತ್ತದೆ. ತಡವಾಗಲು ಇದೊಂದು ಮುಖ್ಯ ಕಾರಣ ಅಂತ ತಿಳಿದವರು ಹೇಳುತ್ತಾರೆ. ಹತ್ತು ದಿನಕ್ಕೆ ಬದಲಾವಣೆ ಕಾಣದಿದ್ದರೆ ಔಷಧಿ ಸೋತಿತು ಅಂತ ಅರ್ಥ ಅಲ್ಲ. ಡಾಕ್ಟರನ್ನು ಕೇಳದೆ ಶುರು ಮಾಡುವುದೂ ಬೇಡ, ಕೇಳದೆ ನಿಲ್ಲಿಸುವುದೂ ಬೇಡ. ನನ್ನ ಕೌಂಟರಿಗೆ ಬರುವ ಪ್ರತಿಯೊಬ್ಬರಿಗೂ ಈ ಎರಡು ಮಾತು ಹೇಳದೆ ನಾನು ಈ ಮಾತ್ರೆ ಕೊಡುವುದಿಲ್ಲ.

ನಾಪೋಕ್ಲು_ಮಗಳು:

ಅಮ್ಮನಿಗೆ ಓದಿ ಹೇಳಿದೆ. 'ನನ್ನದೇ ಅಂತೆ' ಅಂತ ಎರಡು ಸಲ ಹೇಳಿದರು.

ಮಾಕುಟ್ಟ_ಕಾಡು:

ಕಾಡಿನ ಕೆಲಸ ಮಾಡುವವನು, ಒಂದು ಗಿಡದ ವಿಷಯ ಸೇರಿಸುತ್ತೇನೆ. ನಮ್ಮ ಪಶ್ಚಿಮಘಟ್ಟದಲ್ಲಿ ಸರ್ಪಗಂಧ ಬೆಳೆಯುತ್ತದೆ. ಮೊಣಕಾಲು ಎತ್ತರ, ಬಿಳಿ ಹೂವು, ಕೆಂಪು ತೊಟ್ಟು. ಅದರ ಬೇರನ್ನು ನಿದ್ರೆಗೆ, ಮನಸ್ಸಿನ ಕಾಯಿಲೆಗೆ, ಹಾವಿನ ವಿಷಕ್ಕೆ ಅಂತ ಹಿಂದಿನಿಂದ ಕೊಡುತ್ತಿದ್ದರು. ಮುಂಬಯಿಯ ಹೃದಯ ತಜ್ಞ ರುಸ್ತುಂ ಜಲ್ ವಕೀಲ್ 1949ರಲ್ಲಿ ಅದು ಬಿಪಿ ಇಳಿಸುತ್ತದೆ ಅಂತ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತಿಗೆ ಗೊತ್ತಾಯಿತು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಆಮೇಲೆ ಕಾಡಿನಿಂದ ಬೇರು ಕಿತ್ತು ಕಿತ್ತು ಗಿಡವೇ ಅಪರೂಪ ಆಯಿತು. ರೆಸರ್ಪಿನ್ ಕೂಡ ಇಂಥದ್ದೇ ಯಾವುದೋ ಬಾಗಿಲು ಹಿಡಿಯುತ್ತದೆ ಅಂತ ಓದಿದ ನೆನಪು.

ಗಾಳಿಬೀಡು:

ಹೌದು, ಆದರೆ ಅದು ಕೋಶದ ಒಳಗಿನ ಬಾಗಿಲು. ವಾಪಸ್ ತಂದ ಡೋಪಮೈನ್, ಸೆರೊಟೋನಿನ್ ಸುಮ್ನೆ ಬಿದ್ದಿರಲು ಬಿಡುವುದಿಲ್ಲ, ಸಣ್ಣ ಸಣ್ಣ ಚೀಲಗಳಿಗೆ ತುಂಬಿ ಮುಂದಿನ ಸಲಕ್ಕೆ ಇಡಬೇಕು. ತುಂಬುವ ಪ್ರೋಟೀನು ವಿಮ್ಯಾಟ್. ಅಲ್ಲಿ ಸೋಡಿಯಂ ಕೆಲಸ ಮಾಡುವುದಿಲ್ಲ, ಹುಳಿ ಕೆಲಸ ಮಾಡುತ್ತದೆ. ಚೀಲದ ಒಳಗೆ ಪ್ರೋಟಾನ್ ಜಾಸ್ತಿ, ಎರಡು ಪ್ರೋಟಾನ್ ಹೊರಗೆ ಬಿಟ್ಟು ಒಂದು ಅಣು ಒಳಗೆ ತೆಗೆದುಕೊಳ್ಳುತ್ತದೆ. ರೆಸರ್ಪಿನ್ ಆ ಪ್ರೋಟೀನನ್ನು ಚೀಲದ ಹೊರಮುಖಕ್ಕೆ ಬಾಯಿ ತೆರೆದ ಭಂಗಿಯಲ್ಲಿ ಹಿಡಿದುಬಿಡುತ್ತದೆ. ಎಷ್ಟು ಗಟ್ಟಿ ಅಂದರೆ ಬಿಡುವುದೇ ಕಷ್ಟ. ಚೀಲಗಳು ಖಾಲಿ ಉಳಿಯುತ್ತವೆ, ಬಿಪಿ ಇಳಿಯುತ್ತದೆ. ಕೆಲವರಲ್ಲಿ ಮನಸ್ಸು ಕುಗ್ಗಿತು ಅಂತಲೂ ಆಗ ವರದಿಗಳು ಬಂದವು. ಟೆಟ್ರಾಬೆನಜಿನ್ ಎಂಬ ಇನ್ನೊಂದು ಔಷಧಿ ಇದೇ ಪ್ರೋಟೀನನ್ನು ಎರಡೂ ಬಾಯಿ ಮುಚ್ಚಿದ ಭಂಗಿಯಲ್ಲಿ ಹಿಡಿಯುತ್ತದೆ. ಒಂದೇ ಯಂತ್ರ, ಎರಡು ಬೇರೆ ಬೇರೆ ಕ್ಷಣದಲ್ಲಿ ನಿಲ್ಲಿಸಿದ ಹಾಗೆ.

ಹಾರಂಗಿ_ದಂಡೆ:

ಎಲ್ಲ ಟ್ರಾನ್ಸ್‌ಪೋರ್ಟರ್‌ಗಳೂ ಹೀಗೆ ಓಲಾಡಿಯೇ ಕೆಲಸ ಮಾಡುತ್ತವಾ? ನನಗೆ ಒಪ್ಪಿಕೊಳ್ಳಲು ಕಷ್ಟ. ನೀರು ದಾಟಿಸುವ ಕೆಲಸ ಒಂದೇ ಆದರೂ ಊರೂರಿಗೆ ಗೇಟಿನ ವಿನ್ಯಾಸ ಬೇರೆ ಇರುತ್ತದೆ.

ಗಾಳಿಬೀಡು:

ನಿಮ್ಮ ಅನುಮಾನ ಸರಿ. ಗ್ಲುಟಮೇಟ್ ಎಂಬ ಇನ್ನೊಂದು ಸುದ್ದಿಯ ರಾಸಾಯನಿಕವನ್ನು ಸಾಗಿಸುವವು ಪೂರ್ತಿ ಬೇರೆ. ಅಲ್ಲಿ ಬಾಗಿಲು ಮಾತ್ರ ತೆರೆದು ಮುಚ್ಚುವುದಲ್ಲ, ಗ್ಲುಟಮೇಟ್ ಹಿಡಿದ ಭಾಗವೇ ಪೊರೆಯೊಳಗೆ ಸುಮಾರು 15 ಆಂಗ್‌ಸ್ಟ್ರಾಮ್ ಕೆಳಗೆ ಇಳಿಯುತ್ತದೆ. ಲಿಫ್ಟ್. ದುಬಾರೆಯಲ್ಲಿ ಹೊಳೆ ದಾಟಿಸುವ ದೋಣಿ ಅಂದರೆ ಇನ್ನೂ ಹತ್ತಿರ: ದಡ ಅಲ್ಲಾಡುವುದಿಲ್ಲ, ಜನ ಕೂತ ದೋಣಿಯೇ ಆಚೆ ಹೋಗುತ್ತದೆ. ಮೂರು ಪ್ರೋಟೀನು ಒಟ್ಟಿಗೆ ನಿಂತಿರುತ್ತವೆ, ನಡುವೆ ಗಟ್ಟಿ ಕಂಬ, ಒಂದೊಂದರ ದೋಣಿಯೂ ತನ್ನ ಪಾಡಿಗೆ ಹೋಗಿ ಬರುತ್ತದೆ. ಇದರ ಮೊದಲ ಚಿತ್ರ 2004ರಲ್ಲಿ ಬಂತು, ಒಳಗೆ ಇಳಿದ ಚಿತ್ರ 2009ರಲ್ಲಿ, ಓಲ್ಗಾ ಬುಡ್ಕರ್ ಅವರ ತಂಡದಿಂದ. ಅದೂ ಸಮುದ್ರದಡಿಯ ಬಿಸಿನೀರಿನ ಜೀವಿಯದೇ. ನಿಯಮ ಒಂದೇ, ಎರಡು ಕಡೆ ಒಟ್ಟಿಗೆ ತೆರೆಯಬಾರದು. ಅದನ್ನು ಪಾಲಿಸುವ ದಾರಿ ಮಾತ್ರ ಬೇರೆ.

ಪೊನ್ನಂಪೇಟೆ_ಟೀಚರ್:

ಸೋಮವಾರ ಆಯಿತು. ಹೇಗಾಯಿತು ಅಂತ ಬರೆಯಲೇಬೇಕು.

ಬೋರ್ಡಿನ ಮೊಟ್ಟೆ ಅಳಿಸಿದೆ. ಎಂಟು ಮಕ್ಕಳನ್ನು ಮುಂದೆ ಕರೆದೆ. ನಾಲ್ಕು ಜನ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತರು, ಅವರು ಚೌಕಟ್ಟು. ನಾಲ್ಕು ಜನ ಅವರ ಎದುರು, ಅವರು ಓಲಾಡುವ ಕಟ್ಟು. ತಲೆಯ ಕಡೆ ಕೋಶದ ಹೊರಗೆ, ಕಾಲಿನ ಕಡೆ ಒಳಗೆ. ಹಾಕಿ ಬಾಲ್ ಡೋಪಮೈನ್ ಆಯಿತು, ಕೊಡಗಿನ ಕಾಲೇಜಿನಲ್ಲಿ ಅದಕ್ಕೆ ಬರ ಇಲ್ಲ. ಸೋಡಿಯಂಗೆ ಅಡಿಕೆ. ಮೊದಲು ಕಾಲುಗಳು ಹತ್ತಿರ, ತಲೆಗಳು ದೂರ. ಎದುರುಬದುರು ನಿಂತ ಇಬ್ಬರು ಸೊಂಟದ ಹತ್ತಿರ ಅಂಗೈ ಕೂಡಿಸಿ ಒಂದು ಅಡಿಕೆ ಒತ್ತಿ ಹಿಡಿದರು, ಒಂದನೇ ಕಂಬ, ಎಂಟನೇ ಕಂಬ. ಮೇಲಿನಿಂದ ಬಾಲ್ ಹಾಕಿದೆವು. ಎದೆಯ ಹತ್ತಿರ ಎಲ್ಲರೂ ಸೇರಿ ಹಿಡಿದರು. ತಲೆಗಳು ಹತ್ತಿರ ಬಂದವು. ಎರಡೂ ಕಡೆ ಬಂದ್. ಅಲ್ಲಿ ಎಲ್ಲರೂ ಒಂದು ಕ್ಷಣ ಉಸಿರು ಹಿಡಿದು ನಿಂತರು, ನಾನು ಹೇಳಿಕೊಟ್ಟದ್ದಲ್ಲ. ಅಡಿಕೆ ಬಿತ್ತು, ಅಂಗೈ ಬಿಟ್ಟಿತು, ಕಾಲು ಹಿಂದೆ ಸರಿಯಿತು, ಬಾಲ್ ಕೆಳಗೆ ಉರುಳಿತು.

ಅಡಿಕೆ ಹಿಡಿದಿದ್ದವಳು ಅದೇ ಹುಡುಗಿ. ಕೂರಲು ಹೋಗಲಿಲ್ಲ. 'ಮೇಡಂ, ಒಳಗೂ ಅಡಿಕೆ ತುಂಬಿಹೋದರೆ? ಆಗ ಇದೇ ಆಟ ಉಲ್ಟಾ ಆಗುವುದಿಲ್ಲವಾ?' ಅಂದಳು. ಕೇಳಿ ಹೇಳುತ್ತೇನೆ ಅಂದಿದ್ದೇನೆ.

ಗಾಳಿಬೀಡು:

ಆಗುತ್ತದೆ. ಅವಳಿಗೆ ಹೇಳಿ, ನಿಜವಾಗಿಯೂ ಆಗುತ್ತದೆ, ಮತ್ತು ಅದು ಬಹಳ ದೊಡ್ಡ ವಿಷಯ. ಈ ಯಂತ್ರಕ್ಕೆ ಹಿಂದೆ ಮುಂದೆ ಅಂತ ಇಲ್ಲ. ಸೋಡಿಯಂ ಯಾವ ಕಡೆ ಇಳಿಜಾರು ಮಾಡಿದೆಯೋ ಆ ಕಡೆಗೆ ಓಡುತ್ತದೆ. ಸ್ಟ್ರೋಕ್ ಆದಾಗ ಮಿದುಳಿನ ಒಂದು ಭಾಗಕ್ಕೆ ರಕ್ತ ನಿಲ್ಲುತ್ತದೆ. ಎಟಿಪಿ ಮುಗಿಯುತ್ತದೆ, ಪಂಪ್‌ಸೆಟ್ ನಿಲ್ಲುತ್ತದೆ, ಸೋಡಿಯಂ ಒಳಗೆ ತುಂಬುತ್ತದೆ. ಆಗ ಗ್ಲುಟಮೇಟ್ ಗುಡಿಸಬೇಕಾದ ದೋಣಿಗಳೇ ಗ್ಲುಟಮೇಟನ್ನು ಹೊರಗೆ ತಂದು ಸುರಿಯುತ್ತವೆ. ಅದು ಪಕ್ಕದ ಕೋಶಗಳನ್ನು ವಿಪರೀತ ಕೆರಳಿಸಿ ಕೊಲ್ಲುತ್ತದೆ. ಸ್ಟ್ರೋಕಿನ ಹಾನಿ ನಿಮಿಷ ನಿಮಿಷಕ್ಕೂ ಹರಡಲು ಇದೂ ಒಂದು ಕಾರಣ.

ಹಾರಂಗಿ_ದಂಡೆ:

ನನ್ನ ಅಣ್ಣನಿಗೆ ಹೀಗೇ ಆಯಿತು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ರಾತ್ರಿ, ಮಳೆ. ಬಲಗೈ ಇನ್ನೂ ಪೂರ್ತಿ ಬಂದಿಲ್ಲ. ಡಾಕ್ಟರು 'ಬೇಗ ಬರಬೇಕಿತ್ತು' ಅಂದಾಗ ಯಾಕೆ ಅಂತ ಅರ್ಥವಾಗಿರಲಿಲ್ಲ. ಪಂಪ್‌ಸೆಟ್ ನಿಂತರೆ ಟ್ಯಾಂಕ್ ಖಾಲಿಯಾಗುತ್ತದೆ ಅಂತ ಗೊತ್ತಿತ್ತು. ಪೈಪಿನಲ್ಲಿ ನೀರು ವಾಪಸ್ ಬರುತ್ತದೆ ಅಂತ ಯೋಚಿಸಿರಲಿಲ್ಲ.

ಔಷಧಿ_ಅಂಗಡಿ:

ಬಾಯಿ ಓರೆ, ಒಂದು ಕೈಗೆ ಬಲ ಇಲ್ಲ, ಮಾತು ತೊದಲು. ಈ ಮೂರರಲ್ಲಿ ಒಂದು ದಿಢೀರ್ ಅಂತ ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಹೊರಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು ಇದೆ. ಹೊರಡುವ ಮೊದಲು ಫೋನ್ ಮಾಡಿ ಆ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಇದೆಯಾ ಅಂತ ಕೇಳಿಕೊಳ್ಳಿ.

ಪೊನ್ನಂಪೇಟೆ_ಟೀಚರ್:

ಇವತ್ತು ಇಡೀ ದಿನ ಕರೆಂಟ್ ಇರಲಿಲ್ಲ, ಈಗ ಓದಿದೆ. ನಾಳೆ ಎರಡನೇ ಪಿರಿಯಡ್ ನನ್ನದೇ. ಇನ್ನೊಂದು ಸೇರು ಅಡಿಕೆ ತರಲು ಹೇಳಿದ್ದೇನೆ, ಈ ಸಲ ಕೆಳಗಿನಿಂದ ಶುರು ಮಾಡುತ್ತೇವೆ.